ಸುಲಿದ ಪ್ರೋಗ್ರಾಮೂ ಸಂಜೆಯ ಎಮ್ಮೆ ಹಾಲೂ

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಡೈರಿಯಿಂದ ಫೋನು ಬಂದಾಗ ನಾನು ಶ್ರೀರಂಗಪಟ್ಟಣದ ನಮ್ಮ ಆಫೀಸಿನಲ್ಲಿ ಕಡಲೆಪುರಿ ತಿನ್ನುತ್ತಾ ಕೂತಿದ್ದೆ. ಆ ಡೈರಿಯ ಕಾರ್ಯದರ್ಶಿ ಪೀಠಿಕೆ ಹಾಕುವ ಹೆಂಗಸಲ್ಲ.

"ಮೇಡಂ, ನಿಮ್ ಪೆಟ್ಗೆ ಸತ್ತೋಯ್ತು," ಅಂದರು.

"ಯಾವಾಗ?"

"ದಿನಾ ಸಾಯ್ತದೆ. ಸಂಜೆ ವೊತ್ತು. ಒಬ್ಬಮ್ಮ ಆಲು ಸುರಿದೇಟ್ಗೆ ಸಾಯ್ತದೆ. ಮಿಕ್ಕೋರ್ಗೆಲ್ಲ ಸರ್ಯಾಗೇ ಅದೆ."

ಒಬ್ಬರು ಹಾಲು ಸುರಿದರೆ ಮಾತ್ರ ಸಾಯುವ ಯಂತ್ರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ವೈರು ಸಡಿಲ ಇರಬೇಕು ಅಂದೆ. ನಮ್ಮ ಕಸುಬಿನಲ್ಲಿ ಏನೂ ತೋಚದಾಗ ಹಾಗೆ ಹೇಳುತ್ತೇವೆ. "ಆಯಮ್ಮ ಬಂದ್ರೆ ಮಾತ್ರ ಸಡ್ಲ ಆಯ್ತದಾ ವೈರು?" ಅಂತ ಅವರು ಕೇಳಿದರು. ನಾನು ಕಡಲೆಪುರಿ ಪೊಟ್ಟಣ ಮಡಿಚಿಟ್ಟು ಬಸ್ಸು ಹತ್ತಿದೆ.

ನಮ್ಮ ಪೆಟ್ಟಿಗೆ ಅಂದರೆ ಟಿಫನ್ ಕ್ಯಾರಿಯರ್ ಗಾತ್ರದ ಒಂದು ಕಂಪ್ಯೂಟರು. ಒಂದು ಕಡೆಯಿಂದ ತಕ್ಕಡಿ ಅದಕ್ಕೆ ಹಾಲಿನ ತೂಕ ಹೇಳುತ್ತದೆ, ಇನ್ನೊಂದು ಕಡೆಯಿಂದ ಫ್ಯಾಟು ಅಳೆಯುವ ಯಂತ್ರ ಫ್ಯಾಟು ಹೇಳುತ್ತದೆ. ಆ ಯಂತ್ರಕ್ಕೆ ಸ್ವಂತ ಪರದೆ ಇಲ್ಲ, ಅದು ಮಾತಾಡುವುದು ನಮ್ಮ ಪೆಟ್ಟಿಗೆಯ ಜೊತೆ ಮಾತ್ರ. ನಮ್ಮ ಪ್ರೋಗ್ರಾಮು ಇಬ್ಬರ ಮಾತನ್ನೂ ಕೇಳಿಸಿಕೊಂಡು, ಹಾಲು ಹಾಕಿದವರ ಹೆಸರು ಹುಡುಕಿ, ಒಂದು ಚೀಟಿ ಮುದ್ರಿಸುತ್ತದೆ. ಇಷ್ಟೇ ಕೆಲಸ. ಇಷ್ಟಕ್ಕೆ ಸಾಯುವಂಥದ್ದು ಏನಿದೆ ಅಂತ ದಾರಿಯುದ್ದಕ್ಕೂ ಬೈದುಕೊಂಡು ಹೋದೆ.

ಡೈರಿಯಲ್ಲಿ ನಮ್ಮ ಪೆಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅದರ ಪಕ್ಕದಲ್ಲೇ, ಸೊಂಟದ ಮೇಲೆ ಕೈಯಿಟ್ಟುಕೊಂಡು ಆಪಾದಿತರು ನಿಂತಿದ್ದರು. ಅರವತ್ತು ದಾಟಿದ ಹೆಂಗಸು, ಊರಿಗೆಲ್ಲ ದೊಡ್ಡವ್ವ. ನಾನೂ ಹಾಗೇ ಕರೆಯುತ್ತೇನೆ.

"ನಿನ್ ಮಿಸನ್ಗೆ ನನ್ ಮ್ಯಾಲೆ ಅದೇನ್ ಕ್ವಾಪನೋ ಕಾಣೆ ಕಣವ್ವ," ಅಂದರು ದೊಡ್ಡವ್ವ. "ಮೊದ್ಲು ಅಸ ಕಟ್ಟಿದ್ದೆ. ಅದ್ರಾಲು ತೆಳ್ಳುಗಿತ್ತು, ನೀರುಯ್ತಾಳೆ ಅಂದ್ರು. ಅದ್ನ ಮಾರಿ ಎಮ್ಮೆ ತಂದೆ. ಈಗ ಮಿಸನ್ನೇ ಸಾಯಿಸ್ತಾಳೆ ಅಂತವ್ರೆ. ಎಮ್ಮೆ ಬಂದಾಗಿಂದ ನಂಗೆ ಒಂದ್ ಚೀಟೀನೂ ಬಂದಿಲ್ಲ."

ಬೆಳಗಿನ ಹಾಲನ್ನು ಅವರು ನಾಗಮಂಗಲದ ಒಂದು ಟೀ ಅಂಗಡಿಗೆ ಕೊಡುತ್ತಿದ್ದರು. ಸಂಜೆಯದು ಮಾತ್ರ ಡೈರಿಗೆ. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, "ನಾನೂ ಸುಮ್ನೆ ಕೂತಿಲ್ಲ ಮೇಡಂ. ಲ್ಯಾಕ್ಟೋಮೀಟ್ರು ಬುಟ್ ನೋಡ್ದೆ. ಕೆಳೀಕ್ ಓಯ್ತು," ಅಂದರು. ಲ್ಯಾಕ್ಟೋಮೀಟರ್ ಅಂದರೆ ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ಹಾಲಿಗೆ ನೀರು ಸೇರಿದ್ದರೆ ಮಾಮೂಲಿಗಿಂತ ಕೆಳಗೆ ಮುಳುಗುತ್ತದೆ. ಸಾಕ್ಷಿ ಬಲವಾಗಿತ್ತು.

ಅವತ್ತು ಸಂಜೆ ನಾನೇ ನಿಂತು ನೋಡಿದೆ. ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುರಿದರು, ಚೀಟಿ ಹರಿದುಕೊಂಡು ಹೋದರು. ದೊಡ್ಡವ್ವ ಸುರಿದರು. ಪರದೆ ಕಪ್ಪಾಯಿತು. ಪೆಟ್ಟಿಗೆ ಮತ್ತೆ ಏಳಬೇಕಾದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಅಷ್ಟೂ ಹೊತ್ತು ಹಿಂದೆ ನಿಂತವರು ದೊಡ್ಡವ್ವನ ಬೆನ್ನನ್ನೇ ನೋಡುತ್ತಿದ್ದರು. ಹೊರಗೆ ಹಾಲಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.

ಪ್ರೋಗ್ರಾಮು ಬಿದ್ದ ಗಳಿಗೆಯಲ್ಲಿ ಅದರ ಮೆಮೊರಿಯಲ್ಲಿ ಏನೇನಿತ್ತೋ ಅಷ್ಟನ್ನೂ ಹಾಗೇ ಎತ್ತಿಡುವ ಒಂದು ಫೈಲುಂಟು. ಕೋರ್ ಫೈಲು ಅನ್ನುತ್ತೇವೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಕೊನೆಯ ಮೂರು ಸಲದವು ಮಾತ್ರ ಉಳಿದಿದ್ದವು. ಅವನ್ನೂ ಪೆಟ್ಟಿಗೆಯ ಪ್ರೋಗ್ರಾಮಿನ ಒಂದು ಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ನಾಳೆಗೆಲ್ಲ ಸರಿಮಾಡುತ್ತೇನೆ ಅಂತ ಮಾತುಕೊಟ್ಟು ಪಾಂಡವಪುರದ ನನ್ನ ಮನೆಗೆ ಬಂದೆ. ಕೋರ್ ಫೈಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಡಿಬಗ್ ಫೈಲು ಬೇಕು, ಅದು ಆಫೀಸಿನ ಕಂಪ್ಯೂಟರಿನಲ್ಲಿತ್ತು.

ಇತ್ತು ಅಂದುಕೊಂಡಿದ್ದೆ. ಮಾರನೆಯ ದಿನ ಹೋಗಿ ನೋಡಿದರೆ ಫೋಲ್ಡರು ಖಾಲಿ ಹೊಡೆಯುತ್ತಿತ್ತು.

ಇಲ್ಲಿ ಸ್ವಲ್ಪ ಕಸುಬಿನ ಮಾತು ಹೇಳದೆ ವಿಧಿಯಿಲ್ಲ. ನಾವು ಪ್ರೋಗ್ರಾಮು ಬರೆಯುವಾಗ ಎಲ್ಲಕ್ಕೂ ಹೆಸರಿಡುತ್ತೇವೆ. ಚೀಟಿ ಮುದ್ರಿಸುವ ಕೆಲಸಕ್ಕೊಂದು ಹೆಸರು, ಫ್ಯಾಟಿನ ಅಂಕಿಗೊಂದು ಹೆಸರು. ಕಂಪೈಲರ್ ಎಂಬುದು ಇದನ್ನೆಲ್ಲ ಯಂತ್ರದ ಅಂಕಿಗಳಿಗೆ ಇಳಿಸುತ್ತದೆ. ಯಂತ್ರಕ್ಕೆ ಹೆಸರು ಬೇಡ, ವಿಳಾಸ ಸಾಕು: ಇಂಥ ಕಡೆಗೆ ಹೋಗು, ಅಲ್ಲಿರುವುದನ್ನು ಎತ್ತಿಕೋ, ಅಷ್ಟೇ. ಆದರೆ ಏನಾದರೂ ಕೆಟ್ಟಾಗ ಹುಡುಕುವವರು ಮನುಷ್ಯರು. ನಮಗೆ ಹೆಸರು ಬೇಕು. ಅದಕ್ಕೆ ಕಂಪೈಲರ್ ಪ್ರೋಗ್ರಾಮಿನ ಫೈಲಿನಲ್ಲೇ ಇನ್ನಷ್ಟು ಖಾನೆಗಳನ್ನು ಸೇರಿಸಿ ಕೊಡುತ್ತದೆ. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಯಾವ ಫಂಕ್ಷನ್ನು, ಅಂದರೆ ಒಂದು ಕೆಲಸ ಮಾಡುವ ತುಣುಕು, ಇದೆ ಎಂದು ಒಂದು ಖಾನೆ ಹೇಳುತ್ತದೆ. ಯಾವ ಹೆಸರಿನದು ಮೆಮೊರಿಯಲ್ಲಿ ಎಲ್ಲಿ ಕೂತಿದೆ, ಅದು ಅಂಕಿಯೋ ಅಕ್ಷರವೋ, ಎಷ್ಟು ಜಾಗ ಹಿಡಿದಿದೆ ಎಂದು ಇನ್ನೊಂದು. ಯಾವ ವಿಳಾಸ ನಾವು ಬರೆದ ಯಾವ ಸಾಲಿನಿಂದ ಬಂತು ಎಂದು ಮತ್ತೊಂದು. ಹೆಸರುಗಳನ್ನು ಪದೇಪದೇ ಬರೆದರೆ ಜಾಗ ಸಾಲದು ಅಂತ ಎಲ್ಲವನ್ನೂ ಒಂದೇ ಕಡೆ ಪೋಣಿಸಿಟ್ಟು, ಬೇಕಾದಲ್ಲೆಲ್ಲ "ಆ ಸರದಲ್ಲಿ ಇಷ್ಟನೆಯ ಅಕ್ಷರದಿಂದ" ಎಂದಷ್ಟೇ ಗುರುತು ಹಾಕಿರುತ್ತದೆ. ಸಾಲುಗಳ ಲೆಕ್ಕವೂ ಪೂರ್ತಿ ಬರೆದಿರುವುದಿಲ್ಲ. ಹಿಂದಿನದಕ್ಕಿಂತ ನಾಲ್ಕು ವಿಳಾಸ ಮುಂದೆ, ಒಂದು ಸಾಲು ಕೆಳಗೆ, ಹೀಗೆ ಸಂಕ್ಷೇಪದಲ್ಲಿರುತ್ತದೆ. ಓದುವವರು ಮೊದಲಿನಿಂದ ನಡೆದುಕೊಂಡೇ ಬರಬೇಕು.

ಇಷ್ಟು ಜಿಪುಣತನ ಮಾಡಿದರೂ ಈ ಖಾನೆಗಳು ಅಸಲು ಪ್ರೋಗ್ರಾಮಿನ ಹತ್ತುಪಟ್ಟು ಊದಿಕೊಳ್ಳುತ್ತವೆ. ಪ್ರೋಗ್ರಾಮು ಓಡುವಾಗ ಇವು ಮೆಮೊರಿಗೇ ಬರುವುದಿಲ್ಲ, ಇಲ್ಲದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಪೆಟ್ಟಿಗೆಗೆ ಹಾಕುವ ಮುಂಚೆ ಇವನ್ನು ಸುಲಿದು, ಡಿಬಗ್ ಫೈಲು ಅಂತ ಬೇರೆಯಾಗಿ ಎತ್ತಿಡುತ್ತೇವೆ. ಸುಲಿದ ಪ್ರೋಗ್ರಾಮಿನಲ್ಲಿ ನಲವತ್ತು ಅಕ್ಷರದ ಒಂದು ಗುರುತಿನ ಸಂಖ್ಯೆ ಉಳಿದಿರುತ್ತದೆ. ಅದೇ ಸಂಖ್ಯೆ ಡಿಬಗ್ ಫೈಲಿನಲ್ಲೂ ಇರುತ್ತದೆ. ಪ್ರೋಗ್ರಾಮನ್ನು ಕಟ್ಟುವಾಗ ಒಳಗೆ ಏನೇನು ಸೇರಿತೋ ಅದರಿಂದಲೇ ಲೆಕ್ಕಹಾಕಿ ಬರುವ ಸಂಖ್ಯೆ ಅದು. ರಾಸುಗಳ ಕಿವಿಗೆ ಹಾಕುವ ಹಳದಿ ಓಲೆಯ ಹಾಗೆ ಅಂದುಕೊಳ್ಳಿ. ಒಂದು ರಾಸಿನ ಓಲೆ ತೋರಿಸಿ ಇನ್ನೊಂದಕ್ಕೆ ವಿಮೆ ಕೇಳಲಾಗುವುದಿಲ್ಲ.

ಖಾಲಿ ಫೋಲ್ಡರಿನ ಮುಂದೆ ನಾನು ಬಾಯಿಬಿಟ್ಟುಕೊಂಡು ಕೂತಿದ್ದಾಗ ಮಾಲೀಕರು ಬಂದರು. ಒಳ್ಳೆಯ ಮನುಷ್ಯ. ಭಕ್ತಿ ಹೆಚ್ಚು, ಡಿಸ್ಕಿನಲ್ಲಿ ಜಾಗ ಕಡಿಮೆ.

"ಸಾರ್, ಡಿಬಗ್ ಫೈಲುಗಳೆಲ್ಲ ಎಲ್ಲಿ?"

"ಅದಾ? ಆಯುಧಪೂಜೆಗೆ ಮುಂಚೆ ಕ್ಲೀನ್ ಮಾಡ್ದೆನಲ್ಲಮ್ಮ. ಒಂದು ಎಂಬಿ ಪ್ರೋಗ್ರಾಮಿಗೆ ಹತ್ತು ಎಂಬಿ ಬಾಲ. ಕಸ ಯಾವುದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

ಬ್ಯಾಕಪ್ ಇರಲಿಲ್ಲವೆ ಅಂತ ನೀವು ಕೇಳಬಹುದು. ಇತ್ತು. ಅದನ್ನೂ ಶುಚಿ ಮಾಡಿದ್ದರು. ಪೂಜೆ ಅಂದಮೇಲೆ ಮೂಲೆ ಬಿಡಬಾರದು ಅನ್ನುವುದು ಅವರ ವಾದ. ಕಂಪ್ಯೂಟರಿನ ಹಣೆಯ ಮೇಲೆ ಅರಿಸಿನ ಕುಂಕುಮ ಇನ್ನೂ ಹಾಗೇ ಇತ್ತು. ನನಗೆ ಬಂದ ಸಿಟ್ಟಿಗೆ ಅದನ್ನಾದರೂ ಅಳಿಸಿಹಾಕೋಣ ಅನ್ನಿಸಿತು.

ಡಿಬಗ್ ಫೈಲು ಹೋದರೇನು, ನಾವು ಬರೆದ ಮೂಲ ಇದೆಯಲ್ಲ, ಮತ್ತೊಮ್ಮೆ ಕಂಪೈಲ್ ಮಾಡಿದರಾಯಿತು ಅಂದುಕೊಂಡೆ. ಆಫೀಸಿನ ಕಂಪ್ಯೂಟರಿನಲ್ಲಿ ಈಗಿರುವುದು ಹೊಸ ಕಂಪೈಲರ್. ಅದು ಕಟ್ಟಿದ ಪ್ರೋಗ್ರಾಮು ಆ ಹಳೇ ಪೆಟ್ಟಿಗೆಯಲ್ಲಿ ಓಡುವುದೇ ಇಲ್ಲ. ಓಡದಿದ್ದರೂ ಹೆಸರುಗಳನ್ನು ಕೊಡುತ್ತದಲ್ಲ ಅಂತ ಅದರ ಡಿಬಗ್ ಫೈಲನ್ನೇ ಕೋರ್ ಫೈಲಿನ ಜೊತೆ ಕೂಡಿಸಿದೆ. ಎರಡರ ಗುರುತಿನ ಸಂಖ್ಯೆ ಹೊಂದುವುದಿಲ್ಲ ಅಂತ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಗಡಿಬಿಡಿಯಲ್ಲಿದ್ದೆ, ಮುಂದಕ್ಕೆ ಒತ್ತಿದೆ. ಪ್ರೋಗ್ರಾಮು ಬಿದ್ದ ವಿಳಾಸದಲ್ಲಿ ಒಂದು ಫಂಕ್ಷನ್ನಿನ ಹೆಸರು ಚೆನ್ನಾಗಿ ಮೂಡಿತು. ಚೀಟಿಯ ಕೊನೆಯಲ್ಲಿ "ವಂದನೆಗಳು" ಎಂದು ಮುದ್ರಿಸುವ ಫಂಕ್ಷನ್ನು.

ಕಳ್ಳ ಸಿಕ್ಕ ಖುಷಿ ನನಗೆ. ಚೀಟಿಯ ನಮೂನೆ ಪೆಟ್ಟಿಗೆಯಲ್ಲಿ ಬೇರೆ ಫೈಲಾಗಿಯೇ ಇರುತ್ತದೆ. ಪ್ರೋಗ್ರಾಮು ಮುಟ್ಟುವ ಅಗತ್ಯವೇ ಇಲ್ಲ, ಅದರಲ್ಲಿ ಒಂದು ಸಾಲು ಅಳಿಸಿದರೆ ಮುಗಿಯಿತು. ಮತ್ತೆ ನಾಗಮಂಗಲದ ಬಸ್ಸು ಹತ್ತಿದೆ. ಸಂಜೆ ಎಲ್ಲರೆದುರು ವಂದನೆಗಳನ್ನು ಕಿತ್ತುಹಾಕಿ, ಕೈ ಒರೆಸಿಕೊಂಡು, "ಬನ್ನಿ ದೊಡ್ಡವ್ವ, ಸುರೀರಿ," ಅಂದೆ. ಸುರಿದರು. ಪರದೆ ಕಪ್ಪಾಯಿತು.

ತನ್ನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ ಒಬ್ಬ ಹೆಂಗಸು, "ಆಯಮ್ಮನ್ ಆಲ್ಗೆ ಸಾಯೋದೂ ನಿಲ್ನಿಲ್ಲ, ನಮ್ಗೆ ಬತ್ತಿದ್ ವಂದ್ನೇನೂ ಓಯ್ತಲ್ಲ ಮೇಡಂ," ಅಂದಳು. ಸಾಲಿಗೆ ಸಾಲೇ ನಕ್ಕಿತು. ದೊಡ್ಡವ್ವ ನಗಲಿಲ್ಲ. ಖಾಲಿ ಕ್ಯಾನಿನ ಮುಚ್ಚಳ ತಿರುಪಿ ಹೊರಟರು.

ಕಾರ್ಯದರ್ಶಿ ನನ್ನ ಪಕ್ಕ ಬಂದು ನಿಂತರು. ಅವರ ದನಿಯಲ್ಲಿ ಜಗಳ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಕಮಿಟೀಲಿ ತೀರ್ಮಾನ ಆಗೋಯ್ತು ಮೇಡಂ. ಒಬ್ರಿಗೋಸ್ಕರ ಎಲ್ರಾಲೂ ಕೆಡಕ್ಕಾಯ್ತದಾ? ಗಾಡಿಯೋನು ಕಾಯಲ್ಲ. ನಾಳೆಯಿಂದ ಆಯಮ್ಮನ್ ಆಲು ಬ್ಯಾಡ ಅಂದವ್ರೆ."

ನಾನು ದೊಡ್ಡವ್ವನ ಹಿಂದೆ ಓಡಿದೆ. ಅವರು ನಿಲ್ಲದೆ, ನಡೆಯುತ್ತಲೇ ಮಾತಾಡಿದರು. "ನೀನೇನ್ ಮಾಡೀಯೆ ಬುಡವ್ವ. ಯಾಪಾರಿಗೆ ಏಳ್ಕಳ್ಸಿವ್ನಿ. ಗುರ್ವಾರ ಸಂಜೆ ಬತ್ತಾನೆ. ಎಮ್ಮೆ ವೊಡ್ಕೊಂಡ್ ಓಗ್ಲಿ. ಡೈರಿಗೆ ಬ್ಯಾಡದ ಆಲ್ನ ನಾನೇನ್ ಕೆರೆಗ್ ಸುರೀಲಾ?" ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿ, "ಆಲು ಕರೆಯಾಗ ಅದ್ರ ಮೊಕ ನೋಡ್ತೀನಿ. ಅದೇನ್ ತಪ್ ಮಾಡದೆ ಏಳು," ಅಂದರು. ಅಂದವರೇ ತಿರುಗಿ ನೋಡದೆ ಹೋದರು.

ನನಗೆ ನಾಚಿಕೆಯಾಯಿತು. ನನ್ನ ಮೇಲೆ, ಮಾಲೀಕರ ಪೂಜೆಯ ಮೇಲೆ, ಆ ಪೆಟ್ಟಿಗೆಯ ಮೇಲೆ ವಿಪರೀತ ಸಿಟ್ಟೂ ಬಂತು.

ಬುಧವಾರ ಮಾಲೀಕರು ಒಂದು ಉಪಾಯ ಹೇಳಿದರು. ದೊಡ್ಡವ್ವನ ನಂಬರು ಒತ್ತಿದರೆ "ಹಾಲು ಸ್ವೀಕರಿಸಲಾಗದು" ಅಂತ ಪೆಟ್ಟಿಗೆಯೇ ತೋರಿಸಿಬಿಡಲಿ. "ಸಾಯೋದು ತಪ್ಪುತ್ತಲ್ಲಮ್ಮ. ಪಕ್ಕದ ಎರಡು ಊರಿನ ಡೈರಿಯವರು ನಮ್ಮ ಪೆಟ್ಟಿಗೆ ತಗೊಳ್ಳೋದಾ ಬೇಡ್ವಾ ಅಂತ ಇದನ್ನೇ ನೋಡ್ತಾ ಕೂತವ್ರೆ."

"ಸಾರ್, ಆಗ ಅವರ ಹಾಲು ಕೆಟ್ಟದ್ದು ಅಂತ ನಾವೇ ಮುದ್ರೆ ಒತ್ತಿದ ಹಾಗಾಯ್ತು."

"ಕೆಟ್ಟದ್ದಲ್ಲ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಲ್ಯಾಕ್ಟೋಮೀಟರ್ ಮುಳುಗಿದ್ದು ನಿಜ. ಆದರೆ ಗೊತ್ತಿಲ್ಲದೆ ಒಮ್ಮೆ ವಂದನೆಗಳನ್ನು ಕಿತ್ತುಹಾಕಿ ಬಂದಿದ್ದೆ, ಅದು ಸಾಕಾಗಿತ್ತು. ಗುರುತಿನ ಸಂಖ್ಯೆಯ ನಲವತ್ತೂ ಅಕ್ಷರ ಹೊಂದುವವರೆಗೆ ನಾನು ಆ ಪೆಟ್ಟಿಗೆಯಲ್ಲಿ ಒಂದು ಚುಕ್ಕೆಯನ್ನೂ ಬದಲಿಸುವುದಿಲ್ಲ, ಯಾರ ಹಾಲಿನ ಬಗ್ಗೆಯೂ ಒಂದು ಮಾತನ್ನೂ ಆಡುವುದಿಲ್ಲ ಅಂತ ಹೇಳಿದೆ. ಮಾಲೀಕರು ನನ್ನ ಮುಖ ನೋಡಿ, ಊದುಬತ್ತಿ ಹಚ್ಚಲು ಹೋದರು.

ಸಂಖ್ಯೆ ಹೊಂದಬೇಕಾದರೆ ಪೆಟ್ಟಿಗೆಯ ಪ್ರೋಗ್ರಾಮನ್ನು ಕಟ್ಟಿದ ಹಳೇ ಕಂಪೈಲರೇ ಬೇಕು. ಅದು ಈಗ ಉಳಿದಿದ್ದದ್ದು ಒಂದೇ ಕಡೆ. ಈ ಪ್ರೋಗ್ರಾಮಿನ ಬಹುಪಾಲನ್ನು ಬರೆದ ನನ್ನ ಹಿಂದಿನ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ. ಅವನು ಈಗ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ವಿಭಾಗದಲ್ಲಿದ್ದಾನೆ. ಮನೆ ಕೆ.ಆರ್. ಪೇಟೆಯಲ್ಲಿ. ಕಬ್ಬು ಅರೆಯುವುದು ನಿಂತ ಕಾಲ, ಆರಾಮವಾಗಿದ್ದ. ಗುರುವಾರ ಬೆಳಿಗ್ಗೆ ಪಾಂಡವಪುರದಿಂದ ಬಸ್ಸು ಹಿಡಿದು ಅವನ ಮನೆ ತಲುಪಿದೆ. ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮುಚ್ಚಳ ಏಳದ ಹಾಗೆ ಮೇಲೆ ಭಾರಕ್ಕೆ ಇಟ್ಟಿದ್ದರು. ಅವನ ಹೆಂಡತಿ ಅದರ ಜಾಗಕ್ಕೆ ಗುಂಡುಕಲ್ಲು ತಂದಿಟ್ಟ ಮೇಲೆಯೇ ನಮಗೆ ಕೊಟ್ಟಳು.

ವಿಷಯ ಕೇಳಿ ಅವನು ನಕ್ಕ. "ಇಷ್ಟ್ಯಾಕಕ್ಕಾ ಒದ್ದಾಡ್ತೀಯ? ಅಳೇ ಕಂಪೈಲರ್ ಸಿಕ್ತಲ್ಲ. ಒಸ್ದಾಗಿ ಕಟ್ಟಿ, ಸುಲೀದೆ ಅಂಗೇ ಪೆಟ್ಗೆಗಾಕಿ, ಇನ್ನೊಂದ್ಸಲ ಸಾಯಿಸ್ಬುಡಾಣ. ಯಾಕ್ ಸತ್ತೆ ಅಂತ ಅದೇ ಏಳ್ತದೆ."

"ಸಾಯಿಸೋಕೆ ಹಾಲು ಬೇಕಲ್ಲಪ್ಪ. ಅವರ ಹಾಲನ್ನೇ ನಿಲ್ಲಿಸಿದ್ದಾರೆ. ಸಂಜೆ ಎಮ್ಮೆಯೂ ಹೋಗುತ್ತೆ. ಉಳಿದಿರೋದು ಈ ಮೂರು ಕೋರ್ ಫೈಲು ಮಾತ್ರ."

ಅವನು ನಗು ನಿಲ್ಲಿಸಿ ಕಾಲು ಮಡಿಚಿ ಕೂತ. ಹಳೇ ಕಂಪೈಲರಿನಲ್ಲಿ ಮೂಲವನ್ನು ಕಟ್ಟಿದೆವು. ಸುಲಿದು ನೋಡಿದರೆ ಗಾತ್ರ ಪೆಟ್ಟಿಗೆಯ ಪ್ರೋಗ್ರಾಮಿನಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುರುತಿನ ಸಂಖ್ಯೆ ಮಾತ್ರ ಬೇರೆ. "ಸೈಜು ಒಂದೇ ಅದಲ್ಲ, ಸಾಕ್ ಬುಡಕ್ಕ," ಅಂದ ಅವನು. ಒಂದೇ ಗಾತ್ರದ ಎರಡು ಎಮ್ಮೆ ಒಂದೇ ಎಮ್ಮೆ ಆಗುವುದಿಲ್ಲ ಅಂತ ನಾನು ಹಟ ಹಿಡಿದೆ.

ಸುಲಿದಾಗ ಹೋಗುವುದು ನಾವಿಟ್ಟ ಹೆಸರುಗಳು ಮಾತ್ರ. ಪ್ರೋಗ್ರಾಮು ತಾನೇ ಪರದೆಯ ಮೇಲೆ ತೋರಿಸಬೇಕಾದ ಮಾತುಗಳು ಒಳಗೇ ಉಳಿದಿರುತ್ತವೆ. ಪೆಟ್ಟಿಗೆಯ ಪ್ರೋಗ್ರಾಮಿನಿಂದ ಅವನ್ನೆಲ್ಲ ಸೋಸಿ ತೆಗೆದೆವು. ಶುರುವಿನಲ್ಲಿ ತೋರಿಸುವ, ಕಂಪೈಲ್ ಆದ ದಿನ ಮತ್ತು ಹೊತ್ತು ಸಿಕ್ಕಿತು: ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ಚಿಲ್ಲರೆ. ಕಂಪೈಲರ್ ಆ ಹೊತ್ತನ್ನು ಗಡಿಯಾರ ನೋಡಿ ಪ್ರೋಗ್ರಾಮಿನೊಳಗೇ ಬರೆದುಬಿಡುತ್ತದೆ. ನಮ್ಮ ಇವತ್ತಿನ ಹೊತ್ತು ಬೇರೆ, ಹಾಗಾಗಿ ಸಂಖ್ಯೆಯೂ ಬೇರೆ. ಸರಿ, ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇನ್ನೊಂದು ತೊಡಕು ಎದ್ದಿತು. ನಮ್ಮ ತಿದ್ದುಪಡಿಗಳ ದಾಖಲೆಯ ಪ್ರಕಾರ, ಅದೇ ಶುಕ್ರವಾರ ಮೂಲದಲ್ಲಿ ಕೊನೆಯ ತಿದ್ದುಪಡಿ ಸೇರಿದ್ದು ಹನ್ನೊಂದು ದಾಟಿದ ಮೇಲೆ.

"ಇದೆಂಗಕ್ಕಾ," ಅಂದ ಅವನು, "ಕೂಸುಟ್ಟಿ ಒಂದ್ ಗಂಟೆ ಆದ್ಮೇಲೆ ಬಸುರಿ ಆಗವ್ಳೆ."

ಆ ತಿದ್ದುಪಡಿ ತೆಗೆದು, ಅದರ ಹಿಂದಿನ ಮೂಲವನ್ನು ಕಟ್ಟಿ ನೋಡಿದೆವು. ಗಾತ್ರವೇ ತಪ್ಪಿತು. ಅಂದರೆ ಮೂಲ ಹನ್ನೊಂದರ ನಂತರದ್ದೇ, ಹೊತ್ತು ಮಾತ್ರ ಹತ್ತರದ್ದು. ಕೊನೆಗೆ ಮಾಲೀಕರಿಗೆ ಫೋನು ಮಾಡಿದೆ. ಆ ಶುಕ್ರವಾರದ ವಿಷಯ ಎತ್ತಿದ ಕೂಡಲೇ ಅವರು ಗಂಟಲು ಸರಿಮಾಡಿಕೊಂಡರು.

"ಅವತ್ತು ನೀವಿಬ್ಬರೂ ಹನ್ನೊಂದಾದ್ರೂ ಮುಗಿಸಿರ್ಲಿಲ್ಲ. ಶುಕ್ರವಾರ ಹತ್ತೂವರೆಗೇ ರಾಹುಕಾಲ ಶುರು."

"ಅದಕ್ಕೆ?"

"ಅದಕ್ಕೆ ಕಂಪೈಲ್ ಮಾಡೋ ಮುಂಚೆ ಕಂಪ್ಯೂಟರಿನ ಗಡಿಯಾರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದ್ದೆ."

"ರಾಹುಗೆ ಗೊತ್ತಾಗಲ್ವಾ ಸಾರ್?"

"ಪ್ರೋಗ್ರಾಮಿಗೆ ಗೊತ್ತಾಗದೆ ಇದ್ರೆ ಸಾಕಮ್ಮ. ಹುಟ್ಟಿದ ಗಳಿಗೆ ಅಂತ ಬರೆದುಕೊಳ್ಳೋದು ಅದೇ ತಾನೆ?"

ನಾನು ಫೋನು ಇಟ್ಟೆ. ಸಹೋದ್ಯೋಗಿ ನೆಲದ ಮೇಲೆ ಮಲಗಿ ನಗುತ್ತಿದ್ದ. ಕಂಪೈಲರಿಗೆ ಸುಳ್ಳು ಗಡಿಯಾರ ತೋರಿಸುವ ಒಂದು ಪುಟ್ಟ ಉಪಕರಣ ನಮ್ಮಲ್ಲೂ ಉಂಟು. ಮಾಲೀಕರ ಸುಳ್ಳನ್ನೇ ಸೆಕೆಂಡು ಸಮೇತ ಅದಕ್ಕೆ ಮತ್ತೊಮ್ಮೆ ಹೇಳಿದೆವು. ಸಂಖ್ಯೆ ಆಗಲೂ ಹೊಂದಲಿಲ್ಲ. ಸೋಸಿದ ಮಾತುಗಳನ್ನು ಮತ್ತೆ ಓದಿದಾಗ, ಒಂದು ದೋಷಸೂಚನೆಯೊಳಗೆ ಪ್ರೋಗ್ರಾಮು ಹುಟ್ಟಿದ ಫೋಲ್ಡರಿನ ಹೆಸರು ಕಂಡಿತು: ರಂಗನಾಥ. ನಾನು ಆಫೀಸಿನಿಂದ ತಂದಿದ್ದ ಫೋಲ್ಡರಿನ ಹೆಸರು ಆಂಜನೇಯ. ಮಾಲೀಕರಿಗೆ ಸಾಡೇಸಾತಿ ಶುರುವಾದಾಗ ಎಲ್ಲವನ್ನೂ ಆಂಜನೇಯನ ವಶಕ್ಕೆ ಕೊಟ್ಟಿದ್ದು ನನಗೆ ನೆನಪಾಯಿತು. ಫೋಲ್ಡರಿನ ಹೆಸರು ಡಿಬಗ್ ಖಾನೆಗಳೊಳಗೂ ಸೇರುತ್ತದೆ, ಅದು ಬದಲಾದರೆ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಕೈಮುಗಿದು ಎಲ್ಲವನ್ನೂ ರಂಗನಾಥನಿಗೇ ಹಿಂದಿರುಗಿಸಿ, ಮತ್ತೊಮ್ಮೆ ಕಟ್ಟಿದೆವು.

ಅವನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದ. ನಾನು ಪೆಟ್ಟಿಗೆಯ ಪ್ರೋಗ್ರಾಮಿನ ಸಂಖ್ಯೆಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಎಲ್ಲಿಯೂ ಬೆರಳು ನಿಲ್ಲಲಿಲ್ಲ. ಕೊನೆಯ ಅಕ್ಷರವೂ ಹೊಂದಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು, ಅವನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದೆ.

ಕೋರ್ ಫೈಲು ತೆರೆದೆವು. ಮೊನ್ನೆ ಬರೀ ಅಂಕಿಗಳಿದ್ದ ಕಡೆಯೆಲ್ಲ ನಾವೇ ಇಟ್ಟ ಹೆಸರುಗಳು ಎದ್ದು ನಿಂತಿದ್ದವು. ವಂದನೆಗಳ ಫಂಕ್ಷನ್ನು ಆಸುಪಾಸಿನಲ್ಲೆಲ್ಲೂ ಇರಲಿಲ್ಲ. ಪಾಪ, ಅದು ನಿರಪರಾಧಿ. ಪ್ರೋಗ್ರಾಮು ಬಿದ್ದದ್ದು ಚೀಟಿಯ ವಿವರ ಸಿದ್ಧ ಮಾಡಿ, ಹಾಲು ಹಾಕಿದವರ ಹೆಸರಿಗೆಂದು ಹಿಡಿದಿಟ್ಟ ಜಾಗವನ್ನು ಬಿಟ್ಟುಕೊಡುವಾಗ. ಆ ಹೊತ್ತಿಗೆ ಫ್ಯಾಟ್ ಎಷ್ಟಿತ್ತು ಅಂತ ಕಂಪ್ಯೂಟರನ್ನು ಕೇಳಿದೆ.

ಹತ್ತು ಪಾಯಿಂಟ್ ಮೂರು ಅಂತ ಬಂತು.

ನಾವಿಬ್ಬರೂ ಮತ್ತೊಮ್ಮೆ ಓದಿದೆವು. ಉಳಿದ ಎರಡು ಫೈಲು ತೆರೆದೆವು. ಹತ್ತು ಪಾಯಿಂಟ್ ಒಂದು. ಹತ್ತು ಪಾಯಿಂಟ್ ನಾಲ್ಕು.

ಫ್ಯಾಟನ್ನು ಚೀಟಿಗೆ ಬರೆಯಲು ಪ್ರೋಗ್ರಾಮಿನಲ್ಲಿ ನಾಲ್ಕು ಅಕ್ಷರದ ಜಾಗವಿತ್ತು. ಒಂದು ಅಂಕಿ, ಒಂದು ಚುಕ್ಕೆ, ಇನ್ನೊಂದು ಅಂಕಿ, ಕೊನೆಗೆ "ಮುಗಿಯಿತು" ಎಂಬ ಗುರುತು. ಒಂಬತ್ತು ಪಾಯಿಂಟ್ ಒಂಬತ್ತರವರೆಗೆ ಸುಖವಾಗಿ ಹಿಡಿಸುತ್ತದೆ. ಹತ್ತು ಬಂದರೆ ಒಂದು ಅಂಕಿ ಹೆಚ್ಚು. ಕೊನೆಯ ಗುರುತಿಗೆ ಜಾಗವಿಲ್ಲದೆ ಅದು ಪಕ್ಕದ ಮನೆಗೆ ನುಗ್ಗುತ್ತದೆ. ಪಕ್ಕದಲ್ಲಿದ್ದದ್ದು ಹಾಲು ಹಾಕಿದವರ ಹೆಸರಿನ ವಿಳಾಸ. ಅದು ಕೆಟ್ಟಿತು, ಪ್ರೋಗ್ರಾಮು ತಪ್ಪು ಜಾಗಕ್ಕೆ ಹೋಗಿ ಮುಗ್ಗರಿಸಿತು. ದೊಡ್ಡವ್ವನ ಹಾಲಿನಲ್ಲಿ ನೀರಿರಲಿಲ್ಲ. ಅದು ನಮ್ಮ ಪೆಟ್ಟಿಗೆಗೆ ಮಿತಿಮೀರಿ ಗಟ್ಟಿಯಾಗಿತ್ತು.

"ಅತ್ ಫ್ಯಾಟ್ ಕೊಡೋ ಎಮ್ಮೆ ನಮ್ಕಡೆ ಎಲ್ಲದೆ ಅಂದ್ಕೊಂಡಿದ್ನಕ್ಕ," ಅಂದ ಆ ನಾಲ್ಕಕ್ಷರದ ಜಾಗ ಬರೆದವನು. ನಾವು ಆಫೀಸಿನಲ್ಲಿ ಪ್ರೋಗ್ರಾಮನ್ನು ಪರೀಕ್ಷೆ ಮಾಡಿದ್ದು ಅಂಗಡಿಯ ಪ್ಯಾಕೆಟ್ ಹಾಲಿನಲ್ಲಿ. ಕಾಫಿಗೂ ಆಗುತ್ತಿತ್ತು.

ಜಾಗ ದೊಡ್ಡದು ಮಾಡಿ, ಕಟ್ಟಿ, ಸುಲಿದು, ಡಿಬಗ್ ಫೈಲನ್ನು ಎರಡೆರಡು ಕಡೆ ಜೋಪಾನ ಮಾಡಿ, ಅವನ ಬೈಕಿನಲ್ಲಿ ಹಿಂದೆ ಕೂತು ನಾಗಮಂಗಲದ ಕಡೆ ಹೊರಟೆ. ಹಳ್ಳಿ ತಲುಪಿದಾಗ ಸಂಜೆಯ ಸಾಲು ಶುರುವಾಗಿತ್ತು. ಡೈರಿಯ ಮುಂದೆ ಒಂದು ಪಿಕಪ್ ವ್ಯಾನು ನಿಂತಿತ್ತು. ಅದಕ್ಕೆ ಒರಗಿಕೊಂಡು, ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡ ವ್ಯಾಪಾರಿ ಬೀಡಿ ಸೇದುತ್ತಿದ್ದ.

ಹೊಸ ಪ್ರೋಗ್ರಾಮು ಹಾಕುತ್ತಲೇ ಕಾರ್ಯದರ್ಶಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ. "ಅಂಗಾರೆ ಲ್ಯಾಕ್ಟೋಮೀಟ್ರು ಯಾಕ್ ಮುಳುಗ್ತು?"

"ಬೆಣ್ಣೆ ನೀರಿಗಿಂತ ಹಗುರ ಅಲ್ವಾ? ಬೆಣ್ಣೆ ಹೆಚ್ಚಿದ್ದರೂ ಕಡ್ಡಿ ಕೆಳಗೆ ಹೋಗುತ್ತೆ, ನೀರು ಹಾಕಿದ್ದರೂ ಹೋಗುತ್ತೆ. ಯಾವುದು ಅಂತ ಕಡ್ಡಿ ಹೇಳೋದಿಲ್ಲ."

ಕಾರ್ಯದರ್ಶಿ ಕೈಯಲ್ಲಿದ್ದ ಅಳತೆ ಪಾತ್ರೆ ಕೆಳಗಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡು, "ನಾನೇ ಕರ್ಕೊಬತ್ತೀನಿ," ಅಂತ ಹೊರಟರು. ಯಾರನ್ನಾದರೂ ಕಳಿಸಬಹುದಿತ್ತು, ಕಳಿಸಲಿಲ್ಲ. ಸಾಲು ಹಾಗೇ ನಿಂತಿತ್ತು. ಹಾಲಿನ ಗಾಡಿಯವನು ಹಾರ್ನ್ ಹೊಡೆದ. ಇವತ್ತು ಹೆಂಗಸರೇ ಅವನಿಗೆ ಸುಮ್ಮನಿರು ಅಂತ ಗದರಿದರು.

ಬಹಳ ಹೊತ್ತಾದ ಮೇಲೆ ಕಾರ್ಯದರ್ಶಿ ಬಂದರು. ಕ್ಯಾನು ಅವರ ಕೈಯಲ್ಲೇ ಇತ್ತು. ದೊಡ್ಡವ್ವ ಹಿಂದೆ ಹಿಂದೆ, ಯಾರ ಮುಖವನ್ನೂ ನೋಡದೆ ಬಂದರು. "ಸಾಯ್ಲಿ ನೋಡಾಣ," ಅಂತ ಒಂದೇ ಮಾತು ಆಡಿ ಸುರಿದರು.

ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪ್ರಿಂಟರು ಕಿರ್ ಅಂದಿತು, ಚೀಟಿ ಹೊರಗೆ ಬಂತು. ಕಾರ್ಯದರ್ಶಿ ಹರಿದು ಕೊಟ್ಟರು. ದೊಡ್ಡವ್ವ ಅದನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕಾರ್ಯದರ್ಶಿಗೇ ವಾಪಸು ಕೊಟ್ಟರು.

"ಕನ್ನಡ್ಕ ತಂದಿಲ್ಲ. ನೀನೇ ಓದು."

"ಫ್ಯಾಟು ಅತ್ ಪಾಯಿಂಟ್ ಎಲ್ಡು ದೊಡ್ಡವ್ವ."

ಸಾಲಿನಲ್ಲಿ ಗುಜುಗುಜು ಎದ್ದಿತು. ವ್ಯಾಪಾರಿ ಬೀಡಿ ಎಸೆದು ಎರಡು ಹೆಜ್ಜೆ ಮುಂದೆ ಬಂದು, "ಏನವ್ವ, ವೊಡ್ಕೊಂಡ್ ಓಗಾನಾ?" ಅಂತ ಕೇಳಿದ. ದೊಡ್ಡವ್ವ ಅವನ ಕಡೆ ತಿರುಗಲಿಲ್ಲ.

"ಅದ್ರಲ್ಲಿ ಯಾರ್ ಎಸ್ರು ಅದೆ?" ಅಂತ ಕಾರ್ಯದರ್ಶಿಯನ್ನೇ ಕೇಳಿದರು.

"ನಿಮ್ದೇಯ."

"ಅಂಗಾರೆ ಎಸ್ರು ಸೇರ್ಸಿ ಓದು. ಜೋರಾಗೋದು. ಇಂದ್ಗಡೆ ನಿಂತಿರೋರ್ಗೆ ಕೇಳುಸ್ನಿಲ್ಲ."

ಕಾರ್ಯದರ್ಶಿ ಡೈರಿಯ ಮೆಟ್ಟಿಲು ಹತ್ತಿ ನಿಂತು, ದೊಡ್ಡವ್ವನ ಪೂರ್ತಿ ಹೆಸರು, ಗಂಡನ ಹೆಸರು, ಹಾಲಿನ ತೂಕ, ಫ್ಯಾಟು ಎಲ್ಲವನ್ನೂ ಗಂಟಲೆತ್ತಿ ಓದಿದರು. ಸಾಲಿನ ಕೊನೆಯವಳು ಕೇಳಿಸಿತು ಅಂತ ಕೈ ಎತ್ತಿದಳು. ದೊಡ್ಡವ್ವ ಖಾಲಿ ಕ್ಯಾನು ಎತ್ತಿಕೊಂಡು, "ಇನ್ನೊಂದ್ಸಲ," ಅಂದರು. ಕಾರ್ಯದರ್ಶಿ ಎರಡನೆಯ ಸಲ ಓದುತ್ತಿರುವಾಗ ವ್ಯಾಪಾರಿ ಹೆಗಲಿನ ಹಗ್ಗ ಸುತ್ತಿಕೊಂಡು ವ್ಯಾನು ಹತ್ತಿದ.